ಬಾಗಿಲು ಹಾಕಿದ ಮೇಲೂ ಉರಿಯುತ್ತಿದ್ದ ಕಪಾಟಿನ ದೀಪಗಳು

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ಈ ಮನೆ. ಹಳೇ ಹೆಂಚಿನ ಮನೆ. ಗೋಡೆ ದಪ್ಪ, ಕಿಟಕಿ ಸಣ್ಣದು, ಸುತ್ತ ಅಡಿಕೆ ತೋಟ. ಮಳೆಗಾಲ ಹಿಡಿಯಿತು ಅಂದರೆ ಹಗಲು ಹನ್ನೆರಡು ಗಂಟೆಗೂ ಒಳಗೆ ದೀಪ ಬೇಕು. ಕಪಾಟಿನೊಳಗಂತೂ ಕತ್ತಲೆಯೇ. ಅದಕ್ಕೇ ಬೇಸಿಗೆಯಲ್ಲಿ ಮನೆಯವರು ನಾಲ್ಕು ಕಪಾಟಿಗೆ ತಾನಾಗಿ ಹತ್ತಿ ಆರುವ ದೀಪ ಹಾಕಿಸಿದ್ದರು. ಆರಿದ್ರ ಮಳೆ ಬರುವ ಹೊತ್ತಿಗೆ ನಾಲ್ಕೂ ಹಟ ಹಿಡಿದವು. ಒಂದು ಆರುತ್ತಲೇ ಇರಲಿಲ್ಲ. ಒಂದಕ್ಕೆ ಚಾರ್ಜ್ ನಿಲ್ಲುತ್ತಿರಲಿಲ್ಲ. ಒಂದು ಉಲ್ಟಾ ಕೆಲಸ ಮಾಡುತ್ತಿತ್ತು. ಇನ್ನೊಂದು ಆರಿದ ಮೇಲೂ ಮಂಕಾಗಿ ಮಿಣುಕುತ್ತಿತ್ತು.

ನಾನು ಈ ಕಡೆ ಮನೆ ವೈರಿಂಗ್ ಕೆಲಸ ಮಾಡುವವನು. ನನ್ನನ್ನು ಕರೆಸುವ ಹೊತ್ತಿಗೆ ಮನೆಯವರು ಒಂದು ತೀರ್ಮಾನಕ್ಕೆ ಬಂದಾಗಿತ್ತು: ಮಲೆನಾಡಿನ ಥಂಡಿಗೆ ಈ ಸೆನ್ಸರ್ ಸಾಮಾನು ತಡೆಯುವುದಿಲ್ಲ, ಎಲ್ಲ ಕಿತ್ತು ಹಾಕಿ. ಇಲ್ಲಿ ಸುಮಾರು ಮನೆಗಳಲ್ಲಿ ಇದೇ ಮಾತು ಕೇಳಿದ್ದೇನೆ. ಒಂದೊಂದಾಗಿ ಬಿಚ್ಚಿ ನೋಡಿದೆ. ನಾಲ್ಕರಲ್ಲಿ ಒಂದು ದೀಪವೂ ಕೆಟ್ಟಿರಲಿಲ್ಲ. ತೊಂದರೆ ಇದ್ದದ್ದೆಲ್ಲ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಅಂತ ದೀಪಕ್ಕೆ ತಿಳಿಸುವ ಜಾಗದಲ್ಲಿ. ಅಂಗಡಿಯಲ್ಲಿ ನಾವು ಎಷ್ಟು ವ್ಯಾಟು, ಎಷ್ಟು ಬೆಳಕು ಅಂತ ನೋಡುತ್ತೇವೆ. ನೋಡಬೇಕಾದ್ದು ನಮ್ಮ ಬಾಗಿಲು ಎಂಥದು, ಮಳೆಗಾಲದಲ್ಲಿ ಅದು ಏನಾಗುತ್ತದೆ ಅನ್ನುವುದನ್ನು. ಈ ಪ್ರಕರಣ ಪೂರ್ತಿ ಬರೆಯುತ್ತಿರುವುದು ಅದಕ್ಕೇ.

ಕೋಣೆಯ ಗೋಡೆ ಕಪಾಟು

ಮಲಗುವ ಕೋಣೆಯ ಗೋಡೆಯಲ್ಲೇ ಕೊರೆದ ಕಪಾಟು ಇದು. ಎರಡು ಹಲಗೆ ಬಾಗಿಲು. ಒಳಗೆ 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್, ಅದರ ಅಡಾಪ್ಟರ್ ಹೊರಗೆ. ಚೌಕಟ್ಟಿನ ಮೇಲ್ಮೂಲೆಯಲ್ಲಿ ಒಂದು ಡೋರ್ ಸ್ವಿಚ್. ಫ್ರಿಜ್ಜಿನಲ್ಲಿ ಇರುತ್ತಲ್ಲ, ಅದೇ ತರದ್ದು. ಬಾಗಿಲು ಅದರ ಮೂತಿಯನ್ನು ಒತ್ತಿದರೆ ದೀಪ ಆರಬೇಕು, ಬಿಟ್ಟರೆ ಹತ್ತಬೇಕು. ಏಪ್ರಿಲ್, ಮೇ ಎರಡೂ ತಿಂಗಳು ಸರಿಯಾಗಿಯೇ ಇತ್ತು. ಜೂನ್ ಕೊನೆಗೆ ಒಂದು ರಾತ್ರಿ ಕರೆಂಟು ಹೋಯಿತು, ಇನ್ವರ್ಟರ್ ಮೇಲೆ ಮನೆ ನಡೆಯುತ್ತಿತ್ತು. ಆಗ ಕಪಾಟಿನ ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡಿದೆ. ಅಲ್ಲಿಯವರೆಗೆ ಎಷ್ಟು ದಿನದಿಂದ ಒಳಗೆ ಹಾಗೇ ಉರಿಯುತ್ತಿತ್ತೋ ಯಾರಿಗೂ ಗೊತ್ತಿಲ್ಲ.

ಮುಚ್ಚಿದ ಕಪಾಟಿನೊಳಗೆ ದೀಪ ಆರಿದೆಯಾ ಇಲ್ಲವಾ ಅಂತ ನೋಡಲು ಸುಲಭದ ದಾರಿ ಒಂದಿದೆ. ಮೊಬೈಲಿನಲ್ಲಿ ವಿಡಿಯೊ ಆನ್ ಮಾಡಿ ಕಪಾಟಿನೊಳಗೆ ನಿಲ್ಲಿಸಿ. ಬಾಗಿಲನ್ನು ದಿನಾ ಹಾಕುವ ಹಾಗೇ ಹಾಕಿ, ಗಟ್ಟಿಯಾಗಿ ದಬ್ಬಬೇಡಿ. ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಇಲ್ಲಿ ವಿಡಿಯೊ ಪೂರ್ತಿ ಬೆಳಕಿತ್ತು. ಮತ್ತೊಮ್ಮೆ ಮೊಬೈಲ್ ಇಟ್ಟು, ಅಂಗೈಯಿಂದ ಬಾಗಿಲ ಮೇಲ್ಮೂಲೆಯನ್ನು ಒತ್ತಿ ಹಿಡಿದೆ. ಈ ಸಲ ವಿಡಿಯೊ ಕತ್ತಲಾಯಿತು. ಅಲ್ಲಿಗೆ ಸ್ವಿಚ್ಚೂ ಸರಿ, ವೈರೂ ಸರಿ. ಬಾಗಿಲು ಸ್ವಿಚ್ಚಿನ ತನಕ ಹೋಗುತ್ತಿಲ್ಲ, ಅಷ್ಟೇ.

ಮರ ನೀರು ಹೀರಿದರೆ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಬೆಳೆಯುತ್ತದೆ. ಅಗಲ ಹಲಗೆಯ ಬಾಗಿಲು ಮಳೆಗಾಲದಲ್ಲಿ ಉಬ್ಬಿ, ಚೌಕಟ್ಟಿಗೆ ಕಚ್ಚಿಕೊಂಡು ಪೂರ್ತಿ ಒಳಗೆ ಕೂರುವುದಿಲ್ಲ. ಮಲೆನಾಡಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಜುಲೈನಲ್ಲಿ ಬಚ್ಚಲು ಬಾಗಿಲು ಕಾಲಲ್ಲಿ ಒದ್ದು ಹಾಕದ ಮನೆ ಇಲ್ಲ ಇಲ್ಲಿ. ಆದರೆ ಸ್ವಿಚ್ ಹಾಕುವಾಗ ಅದು ನೆನಪಾಗುವುದಿಲ್ಲ, ಯಾಕೆಂದರೆ ಸ್ವಿಚ್ ಹಾಕುವುದು ಬೇಸಿಗೆಯಲ್ಲಿ. ಈ ಬಾಗಿಲ ಒಂದು ರೆಕ್ಕೆ ಸುಮಾರು 45 ಸೆಂಟಿಮೀಟರ್ ಅಗಲ. ಅಂಚು 8 ಮಿಲಿಮೀಟರಿನಷ್ಟು ಹೊರಗೆ ನಿಂತಿತ್ತು. ಸ್ವಿಚ್ ಇದ್ದದ್ದೂ ಆ ಅಂಚಿನ ಹತ್ತಿರವೇ. ಮೂತಿ ಒಂದಿಷ್ಟು ಒತ್ತುತ್ತಿತ್ತು, ಒಳಗಿನ ಕಾಂಟ್ಯಾಕ್ಟ್ ಬಿಡುವಷ್ಟು ಒತ್ತುತ್ತಿರಲಿಲ್ಲ.

ಮನೆಯ ಯಜಮಾನ್ರು ಆಚಾರ್ರನ್ನು ಕರೆಸಿ ಬಾಗಿಲು ಹೆರೆಸುತ್ತೇನೆ ಅಂದರು. ಮಳೆಗಾಲದಲ್ಲಿ ಬೇಡ ಅಂದೆ. ಉಬ್ಬಿದಾಗ ಹೆರೆದರೆ ಬೇಸಿಗೆಯಲ್ಲಿ ಒಣಗಿ ಅರ್ಧ ಬೆರಳು ಸಂದಿ ಬಿಡುತ್ತದೆ, ಆ ಸಂದಿಯಲ್ಲಿ ಜಿರಳೆ ಹೋಗುತ್ತದೆ. ಬಾಗಿಲನ್ನು ಮುಟ್ಟದೆ ಸ್ವಿಚ್ಚಿನ ಜಾಗ ಬದಲಿಸಿದೆ. ಅಂಚಿನಿಂದ ತೆಗೆದು ಕೀಲಿನ ಕಡೆಗೆ, ಕೀಲಿನಿಂದ 10 ಸೆಂಟಿಮೀಟರ್ ದೂರದಲ್ಲಿ ಕೂರಿಸಿದೆ. ಲೆಕ್ಕ ಹೀಗೆ: ಅಂಚಿನಲ್ಲಿ 8 ಮಿಲಿಮೀಟರ್ ಬಿಟ್ಟುಕೊಂಡರೂ ಕೀಲಿನ ಹತ್ತಿರ ಅದು 2 ಮಿಲಿಮೀಟರಿಗಿಂತ ಕಮ್ಮಿ. ಮೂತಿ ಆರಾಮವಾಗಿ ಒತ್ತುತ್ತದೆ. ಇದರಿಂದ ದೀಪ ಹತ್ತುವುದು ಒಂಚೂರು ತಡ ಆಗುತ್ತದೆ, ಬಾಗಿಲ ಅಂಚು ನಾಲ್ಕೈದು ಸೆಂಟಿಮೀಟರ್ ತೆರೆದ ಮೇಲೆ ಹತ್ತುತ್ತದೆ. ಅದರಿಂದ ಯಾರಿಗೂ ತೊಂದರೆ ಇಲ್ಲ.

ಎರಡು ರೆಕ್ಕೆಯ ಬಾಗಿಲಿನಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಒಂದು ರೆಕ್ಕೆಗೆ ಪಟ್ಟಿ ಹೊಡೆದಿರುತ್ತಾರೆ, ಅದು ಇನ್ನೊಂದರ ಮೇಲೆ ಕೂರುತ್ತದೆ. ಮೊದಲು ತೆರೆಯುವುದು ಯಾವಾಗಲೂ ಪಟ್ಟಿಯ ರೆಕ್ಕೆ. ಸ್ವಿಚ್ ಆ ಕಡೆಗೇ ಇರಬೇಕು. ಬೇರೆ ಕಡೆ ಹಾಕಿದರೆ ಒಂದೇ ಬಾಗಿಲು ತೆಗೆದು ಸೀರೆ ಹುಡುಕುವವರಿಗೆ ಬೆಳಕೇ ಸಿಗುವುದಿಲ್ಲ.

ಜಾಲರಿ ಕಪಾಟು

ಅಡುಗೆಮನೆಯಲ್ಲಿ ಹಾಲು, ಮೊಸರು, ಮಿಕ್ಕಿದ ಪಲ್ಯ ಇಡುವ ಜಾಲರಿ ಬಾಗಿಲಿನ ಕಪಾಟು. ಅದರೊಳಗೆ ಮೊಬೈಲ್ ಚಾರ್ಜರಿನಿಂದ ಚಾರ್ಜ್ ಮಾಡುವ ಉದ್ದನೆಯ ಸೆನ್ಸರ್ ಲೈಟು. ಬೇಸಿಗೆಯಲ್ಲಿ ವಾರಗಟ್ಟಲೆ ಬರುತ್ತಿದ್ದ ಚಾರ್ಜು ಮಳೆ ಹಿಡಿದ ಮೇಲೆ ಎರಡು ಮೂರು ದಿನಕ್ಕೆ ಮುಗಿಯುತ್ತಿತ್ತು. ಥಂಡಿಗೆ ಬ್ಯಾಟರಿ ಹೋಯಿತು ಅಂತ ಅವರು ಅಂದುಕೊಂಡಿದ್ದರು. ನೋಡಿದರೆ ಹಾಗೇ ಅನ್ನಿಸುತ್ತದೆ ಕೂಡ.

ಈ ಲೈಟಿನಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಗುಂಡಗಿನ ಒಂದು ಕಣ್ಣು ಇರುತ್ತದೆ. ಅದರ ಹಿಂದೆ ಇರುವುದು ಪಿಐಆರ್ ಸೆನ್ಸರ್. ಅದು ತಾನಾಗಿ ಏನನ್ನೂ ಬಿಡುವುದಿಲ್ಲ. ನಮ್ಮ ಮೈಯಿಂದ ಬರುವ ಶಾಖದ ಕಿರಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದರೆ ಅದನ್ನು ಹಿಡಿಯುತ್ತದೆ. ಮಾಮೂಲಿ ಗಾಜಿನಾಚೆ ಇದಕ್ಕೆ ಕಾಣುವುದಿಲ್ಲ, ಯಾಕೆಂದರೆ ಆ ಕಿರಣವನ್ನು ಗಾಜು ತಡೆಯುತ್ತದೆ. ಜಾಲರಿ ತಡೆಯುವುದಿಲ್ಲ. ಜೊತೆಗೆ ಬೆಳಕಿದ್ದಾಗ ಹತ್ತದಿರಲಿ ಅಂತ ಇನ್ನೊಂದು ಸಣ್ಣ ಸೆನ್ಸರೂ ಇರುತ್ತದೆ.

ಈಗ ಎರಡನ್ನೂ ಸೇರಿಸಿ ನೋಡಿ. ಬೇಸಿಗೆಯಲ್ಲಿ ಅಡುಗೆಮನೆ ಹಗಲು ಬೆಳಕಾಗಿರುತ್ತದೆ. ಯಾರು ಓಡಾಡಿದರೂ ಲೈಟು ಸುಮ್ಮನಿರುತ್ತದೆ. ಪುನರ್ವಸು ಮಳೆಯಲ್ಲಿ ಹಗಲೇ ಕತ್ತಲೆ. ಒಲೆ ಹತ್ತಿರ ಹೋದರೆ, ಸಿಂಕಿಗೆ ಬಂದರೆ, ಜಾಲರಿಯೊಳಗಿಂದ ಅದು ನೋಡಿ ಹತ್ತಿಬಿಡುತ್ತದೆ. ಬಾಗಿಲು ತೆರೆಯಬೇಕಂತಲೇ ಇಲ್ಲ. ನಾನು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತು ಮನೆಯ ಸೊಸೆ ಅಡುಗೆ ಮಾಡುವುದನ್ನು ನೋಡಿದೆ. ಅವರು ಸೌಟು ತೆಗೆಯಲು ತಿರುಗಿದಾಗೊಮ್ಮೆ, ಒಗ್ಗರಣೆಗೆ ಹೋದಾಗೊಮ್ಮೆ ಕಪಾಟು ಒಳಗಿಂದ ಬೆಳಗುತ್ತಿತ್ತು. "ಅಣ್ಣ, ಇಷ್ಟು ದಿನ ನಾನು ಇದನ್ನ ನೋಡೇ ಇಲ್ವಲ್ಲ" ಅಂದರು ಅವರು. ಅಡುಗೆ ಮಾಡುವವರ ಬೆನ್ನು ಆ ಕಡೆಗಿರುತ್ತದೆ, ಹೇಗೆ ಕಾಣಬೇಕು?

ಬ್ಯಾಟರಿಯ ಲೆಕ್ಕ ಮಾಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಲೈಟು ಒಮ್ಮೆ ಚಾರ್ಜ್ ಮಾಡಿದರೆ ಒಟ್ಟು 5 ಗಂಟೆ ಉರಿಯುತ್ತದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 5 ನಿಮಿಷ ಉರಿದರೆ 60 ದಿನ ಬರಬೇಕು. ಸೆನ್ಸರ್ ತಾನೇ ಕುಡಿಯುವ ಕರೆಂಟು ಕಳೆದರೂ ಒಂದು ತಿಂಗಳಿಗೆ ಮೋಸವಿಲ್ಲ. ಅದೇ ದಿನಕ್ಕೆ 2 ಗಂಟೆ ಉರಿದರೆ ಮೂರನೇ ದಿನಕ್ಕೆ ಖಾಲಿ. ಚಾರ್ಜ್ ಬೇಗ ಹೋಗುತ್ತಿದೆ ಅಂದರೆ ಬ್ಯಾಟರಿ ಬದಲಿಸುವ ಮೊದಲು, ಅದು ನಮಗೆ ಗೊತ್ತಿಲ್ಲದ ಹಾಗೆ ಎಷ್ಟು ಸಲ ಹತ್ತುತ್ತಿದೆ ಅಂತ ನೋಡಬೇಕು.

ಮೊದಲು ಪರೀಕ್ಷೆಗೆ ಅಂತ ಆ ಬಿಳಿ ಕಣ್ಣಿನ ಮುಂಭಾಗಕ್ಕೆ ಕಪ್ಪು ಇನ್ಸುಲೇಶನ್ ಟೇಪು ಅಂಟಿಸಿದೆ. ಒಲೆ ಹತ್ತಿರದ ಓಡಾಟಕ್ಕೆ ಹತ್ತುವುದು ನಿಂತಿತು. ಆಮೇಲೆ ಲೈಟನ್ನು ಹಿಂದಿನ ಗೋಡೆಯಿಂದ ತೆಗೆದು, ಮೇಲಿನ ತಟ್ಟೆಯ ಮುಂದಿನ ಅಂಚಿನ ಕೆಳಗೆ, ಕಣ್ಣು ಹಿಂದಕ್ಕೆ ತಿರುಗುವ ಹಾಗೆ ಕೂರಿಸಿದೆವು. ಈಗ ಅದಕ್ಕೆ ಕಾಣುವುದು ಒಳಗೆ ಬರುವ ಕೈ ಮಾತ್ರ. ಬೆಳಕೂ ಪಾತ್ರೆಗಳ ಮೇಲೆ ಬೀಳುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ. ಇದೇ ಲೈಟು ಗಾಜಿನ ಬಾಗಿಲಿನ ಶೋಕೇಸಿನಲ್ಲಿ ಇದ್ದಿದ್ದರೆ ಮೊದಲ ದಿನದಿಂದಲೂ ಸರಿಯಾಗೇ ಇರುತ್ತಿತ್ತು.

ಕಬ್ಬಿಣದ ಬೀರು

ಇದು ಮನೆಯ ಹಿರಿಯಮ್ಮನ ಬೀರು. ಬೆಂಗಳೂರಿನಲ್ಲಿರುವ ಮಗ ಆನ್‌ಲೈನಿನಲ್ಲಿ ಮ್ಯಾಗ್ನೆಟ್ ಸ್ವಿಚ್ ತರಿಸಿ, ಬ್ಯಾಟರಿ ಪೆಟ್ಟಿಗೆಯ ಸ್ಟ್ರಿಪ್‌ಗೆ ಜೋಡಿಸಿ ಹೋಗಿದ್ದ. "ಎಂತ ಮಾರಾಯ ಇದು, ಬಾಗಿಲು ಹಾಕಿದ್ರೆ ಹತ್ತುತ್ತೆ, ತೆಗೆದ್ರೆ ಆರುತ್ತೆ!" ಅಂದರು ಅಮ್ಮ. ಮಗ ಫೋನಿನಲ್ಲಿ ಪ್ಲಸ್ ಮೈನಸ್ ಅದಲು ಬದಲು ಮಾಡಿಸಿದ್ದ. ಆಗ ದೀಪ ಹತ್ತಲೇ ಇಲ್ಲ, ಎಲ್‌ಇಡಿ ಒಂದೇ ದಿಕ್ಕಿನಲ್ಲಿ ಉರಿಯುವುದು.

ಮ್ಯಾಗ್ನೆಟ್ ಸ್ವಿಚ್ ಒಳಗೆ ಗಾಜಿನ ಸಣ್ಣ ಕೊಳವೆ, ಅದರಲ್ಲಿ ಕಬ್ಬಿಣದ ಜಾತಿಯ ಎರಡು ತೆಳು ಪಟ್ಟಿ. ಮ್ಯಾಗ್ನೆಟ್ ಹತ್ತಿರ ಬಂದರೆ ಎರಡೂ ಕೂಡಿಕೊಳ್ಳುತ್ತವೆ, ದೂರ ಹೋದರೆ ಬಿಡುತ್ತವೆ. ಇದಕ್ಕೆ ರೀಡ್ ಸ್ವಿಚ್ ಅಂತ ಹೆಸರು. ಅಂಗಡಿಯಲ್ಲಿ ಜಾಸ್ತಿ ಸಿಗುವುದು ಕಳ್ಳರ ಅಲಾರಂಗೆ ಅಂತ ಮಾಡಿದ್ದು. ಅಲಾರಂಗೆ ಬಾಗಿಲು ಮುಚ್ಚಿದಾಗ ಸರ್ಕ್ಯೂಟ್ ಕೂಡಿರಬೇಕು. ಹಾಗಿದ್ದರೆ ಕಳ್ಳ ವೈರು ಕತ್ತರಿಸಿದರೂ ಅದಕ್ಕೆ ಗೊತ್ತಾಗುತ್ತದೆ. ಕಪಾಟಿನ ದೀಪಕ್ಕೆ ಬೇಕಾದ್ದು ಇದರ ತದ್ವಿರುದ್ಧ. ಹಾಗಾಗಿ ಮಗ ತರಿಸಿದ ಸಾಮಾನು ಒಳ್ಳೆಯದೇ, ಬೇರೆ ಕೆಲಸದ್ದು.

ಮೂರು ವೈರಿನದು ತೆಗೆದುಕೊಂಡರೆ ಗೊಂದಲವಿಲ್ಲ. ಒಂದು ಎರಡಕ್ಕೂ ಸೇರಿದ ಕಾಮನ್ ವೈರು, ಉಳಿದೆರಡರಲ್ಲಿ ನಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಮಲ್ಟಿಮೀಟರನ್ನು ಬೀಪ್ ಮೇಲೆ (ಸರ್ಕ್ಯೂಟ್ ಕೂಡಿದ್ದರೆ ಕೂಗುತ್ತದೆ) ಇಟ್ಟು, ಮ್ಯಾಗ್ನೆಟ್ ದೂರ ಇದ್ದಾಗ ಕೂಗಿ ಹತ್ತಿರ ತಂದಾಗ ಸುಮ್ಮನಾಗುವ ಜೋಡಿಯನ್ನು ಹಿಡಿಯಬೇಕು. ಅಂಗಡಿ ಕೌಂಟರಿನಲ್ಲೇ ನೋಡಬಹುದು, ಒಂದು ನಿಮಿಷದ ಕೆಲಸ.

ಕಬ್ಬಿಣದ ಬೀರುವಿಗೆ ಇನ್ನೊಂದು ತಾಪತ್ರಯ ಇದೆ. ಮ್ಯಾಗ್ನೆಟ್ಟನ್ನು ನೇರ ತಗಡಿಗೆ ಅಂಟಿಸಿದರೆ ಅದರ ಬಲದ ಒಂದು ಪಾಲು ತಗಡಿನೊಳಗೇ ಹರಿದು ಹೋಗುತ್ತದೆ. ಮೇಜಿನ ಮೇಲೆ ಎರಡು ಬೆರಳು ದೂರದಿಂದ ಕೆಲಸ ಮಾಡಿದ ಸ್ವಿಚ್ ಬೀರುವಿನ ಮೇಲೆ ಒಂದು ಬೆರಳಿಗೂ ಸ್ಪಂದಿಸದೆ ಇರಬಹುದು. ಸ್ವಿಚ್ ಮತ್ತು ಮ್ಯಾಗ್ನೆಟ್ ಎರಡರ ಕೆಳಗೂ ಒಂದೊಂದು ಮರದ ಚಕ್ಕೆ ಕೊಟ್ಟು ತಗಡಿನಿಂದ ಎತ್ತರಿಸಿದೆ. ಡಬಲ್ ಟೇಪು ಮಳೆಗಾಲಕ್ಕೆ ಬಿಟ್ಟುಕೊಂಡಿತ್ತು, ಅದನ್ನು ತೆಗೆದು ಸ್ಕ್ರೂ ಹಾಕಿದೆ.

ಬ್ಯಾಟರಿ ಪೆಟ್ಟಿಗೆ ಬಿಚ್ಚಿದಾಗ ಸ್ಪ್ರಿಂಗಿನ ಮೇಲೆಲ್ಲ ಬಿಳಿ ಪುಡಿ, ಒಂದು ಕಡೆ ಹಸಿರು ಕಿಲುಬು. ಮುಚ್ಚಿದ ಬೀರುವಿನಲ್ಲಿ ಹಗಲೂ ರಾತ್ರಿ ಉರಿದು ಸೆಲ್ ಪೂರ್ತಿ ಬರಿದಾಗಿತ್ತು. ಬರಿದಾದ ಆಲ್ಕಲೈನ್ ಸೆಲ್ ಹಾಗೇ ಬಿಟ್ಟರೆ ಸೋರುತ್ತದೆ. ಆ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಹತ್ತಿಗೆ ಎರಡು ಹನಿ ನಿಂಬೆರಸ ಹಾಕಿ ಒರೆಸಿದರೆ ಬಿಡುತ್ತದೆ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಚೆನ್ನಾಗಿ ಒಣಗಿಸಬೇಕು. ಸೆಲ್ ಸಹವಾಸ ಬೇಡ ಅಂತ ಬೀರುವಿನ ಹಿಂದಿನ ಸಾಕೆಟ್ಟಿನಿಂದ 12 ವೋಲ್ಟಿನ ಅಡಾಪ್ಟರ್ ಕೊಟ್ಟು, ಒಂದು ಮೀಟರ್ ಸ್ಟ್ರಿಪ್ ಹಾಕಿದೆವು. ಕಬ್ಬಿಣದ ಬೀರುವಿನೊಳಗೆ 230 ವೋಲ್ಟ್ ಬೇಡವೇ ಬೇಡ. ವೈರಿನ ಮೇಲೆ ತಗಡಿನ ಅಂಚು ಉಜ್ಜಿ ಸಿಪ್ಪೆ ಹೋದರೆ ಬೀರುವೇ ಶಾಕ್ ಹೊಡೆಯುತ್ತದೆ.

ಸಣ್ಣ ರೀಡ್ ಸ್ವಿಚ್ಚಿಗೆ ಶಕ್ತಿಯೂ ಕಮ್ಮಿ, ಸಾಮಾನ್ಯವಾಗಿ ಅರ್ಧ ಆಂಪಿಯರ್, 10 ವ್ಯಾಟ್ ಅಷ್ಟೇ. ಮೀಟರಿಗೆ 4.8 ವ್ಯಾಟಿನ ಸ್ಟ್ರಿಪ್ 12 ವೋಲ್ಟಿನಲ್ಲಿ 0.4 ಆಂಪಿಯರ್ ಎಳೆಯುತ್ತದೆ. ಒಂದು ಮೀಟರಿಗೆ ಸರಿ, ಮೂರು ಮೀಟರ್ ಬೇಡ. ಇದೇ ಸ್ವಿಚ್ಚನ್ನು ಅಡಾಪ್ಟರಿನ 230 ವೋಲ್ಟಿನ ಕಡೆ ಹಾಕುವವರೂ ಇದ್ದಾರೆ. ಅಡಾಪ್ಟರ್ ಶುರುವಾಗುವ ಕ್ಷಣ ಎಳೆಯುವ ಕರೆಂಟಿಗೆ ಒಳಗಿನ ಪಟ್ಟಿಗಳು ಬೆಸೆದು ಹೋಗುತ್ತವೆ. ಆಮೇಲೆ ಆ ದೀಪ ಆರುವುದಿಲ್ಲ.

ಮೆಟ್ಟಿಲ ಕೆಳಗಿನ ಕಪಾಟಿನದು ಬೇಗ ಮುಗಿಯಿತು. ಅಲ್ಲಿದ್ದದ್ದು 230 ವೋಲ್ಟಿನ ಸಣ್ಣ ಎಲ್‌ಇಡಿ ಬಲ್ಬು. ಬಾಗಿಲು ಹಾಕಿದ ಮೇಲೂ ಮಂಕಾಗಿ ಮಿಣುಕುತ್ತಿತ್ತು. ಸ್ವಿಚ್ ಆಫ್ ಇದ್ದಾಗ ಹೋಲ್ಡರಿಗೆ ಟೆಸ್ಟರ್ ಹಿಡಿದರೆ ಹತ್ತಿತು. ಹಾಗಂದರೆ ಸ್ವಿಚ್ ಕರೆಂಟು ಬರುವ ಫೇಸ್ ವೈರಿನ ಬದಲು ವಾಪಸ್ ಹೋಗುವ ನ್ಯೂಟ್ರಲ್ ವೈರನ್ನು ಕತ್ತರಿಸುತ್ತಿದೆ. ಆಗ ಆಫ್ ಇದ್ದರೂ ಚೂರು ಕರೆಂಟು ಸೋರುತ್ತದೆ. ಹಳೇ ಬಲ್ಬಿಗೆ ಅದು ಸಾಲುತ್ತಿರಲಿಲ್ಲ, ಎಲ್‌ಇಡಿಗೆ ಸಾಕು. ಮಿಣುಕುವುದು ಇಲ್ಲಿ ದೊಡ್ಡ ವಿಷಯವಲ್ಲ. ಆಫ್ ಆಗಿದೆ ಅಂತ ನಂಬಿ ಬಲ್ಬು ಬಿಚ್ಚಲು ಕೈ ಹಾಕಿದವರಿಗೆ ಶಾಕ್ ಹೊಡೆಯುತ್ತದಲ್ಲ, ಅದು ದೊಡ್ಡದು. ಸ್ವಿಚ್ಚನ್ನು ಫೇಸ್ ವೈರಿಗೆ ಬದಲಿಸಿದೆ, ಮಿಣುಕು ನಿಂತಿತು.

ಸೀರೆಗೆ ಬೂಸ್ಟು

ದೀಪದ ಕೆಲಸ ಮುಗಿಯುವಾಗ ಅಮ್ಮ ಇನ್ನೊಂದು ಮಾತು ಹೇಳಿದರು. ಈ ಹೊಸ ದೀಪ ಬಂದ ಮೇಲೆ ಕೋಣೆಯ ಕಪಾಟಿನಲ್ಲಿ ಸೀರೆಗೆ ಬೂಸ್ಟು ಹಿಡಿಯುತ್ತಿದೆ, ಮೊದಲು ಹೀಗಿರಲಿಲ್ಲ ಅಂತ. ಮನೆಯವರು ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ. ನನಗೆ ಈ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ.

ಮೊದಲು ಆ ಕಪಾಟಿನಲ್ಲಿ ಇದ್ದದ್ದು ಹಳೇ ತರದ, ತಂತಿ ಕಾದು ಉರಿಯುವ ಒಂದು ಜೀರೋ ಬಲ್ಬು. ಮಳೆಗಾಲ ಪೂರ್ತಿ ಹಗಲು ಹೊತ್ತು ಉರಿಯುತ್ತಿತ್ತು. ಜೀರೋ ಬಲ್ಬು ಅನ್ನುವುದು ಹೆಸರಿಗೆ ಮಾತ್ರ, ಅದು 12ರಿಂದ 15 ವ್ಯಾಟ್ ತಿನ್ನುತ್ತದೆ. ಮುಚ್ಚಿದ ಕಪಾಟಿನಲ್ಲಿ ಅದಷ್ಟೂ ಕೊನೆಗೆ ಶಾಖವೇ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಕಪಾಟಿಗೆ ಬಲ್ಬು ಹಾಕಿದ್ದು ಬೆಳಕಿಗಲ್ಲ, ಬಟ್ಟೆ ಬೆಚ್ಚಗಿರಲಿ ಅಂತ. ಹೊರಗೆ 22 ಡಿಗ್ರಿ ಇದ್ದು ಗಾಳಿಯ ತೇವ ಶೇಕಡ 95 ಇದೆ ಅಂತ ಇಟ್ಟುಕೊಳ್ಳಿ. ಅದೇ ಗಾಳಿಯನ್ನು 27 ಡಿಗ್ರಿಗೆ ಬೆಚ್ಚಗೆ ಮಾಡಿದರೆ ತೇವ ಶೇಕಡ 70ರ ಹತ್ತಿರ ಇಳಿಯುತ್ತದೆ. ನೀರು ಒಂದು ಹನಿಯೂ ಹೋಗಿಲ್ಲ, ಬೆಚ್ಚನೆಯ ಗಾಳಿಗೆ ಜಾಸ್ತಿ ನೀರು ಹಿಡಿಯುವ ಶಕ್ತಿ ಬಂತು. ಬೂಸ್ಟಿಗೆ ಬೇಕಾದ ತೇವ ಅಲ್ಲಿ ಸಿಗುವುದಿಲ್ಲ. ಹೊಸ ಎಲ್‌ಇಡಿ ಸರಿಯಾಗಿ ಕೆಲಸ ಮಾಡಿದರೆ ಬಾಗಿಲು ತೆರೆದಾಗ ಒಂದು ನಿಮಿಷ ಉರಿದು ಆರುತ್ತದೆ. ಬೆಳಕಿನ ಕೆಲಸ ಚೆನ್ನಾಗಿ ಮಾಡುತ್ತದೆ. ಹಳೇ ಬಲ್ಬು ಮಾಡುತ್ತಿದ್ದ ಇನ್ನೊಂದು ಕೆಲಸವನ್ನು ಯಾರೂ ಮಾಡುತ್ತಿರಲಿಲ್ಲ.

ಹಾಗಂತ ಸೀರೆಗಳ ನಡುವೆ ಬಿಸಿ ಬಲ್ಬು ಮತ್ತೆ ನೇತು ಹಾಕಲು ನನಗೆ ಮನಸ್ಸಿಲ್ಲ. ಮಡಿಕೆ ಜಾರಿ ಬಲ್ಬಿಗೆ ತಾಗಿ ಸುಟ್ಟ ಬಟ್ಟೆ ನೋಡಿದ್ದೇನೆ. ಎರಡು ಕೆಲಸವನ್ನು ಬೇರೆ ಬೇರೆ ಮಾಡಿದೆವು. ಎಲ್‌ಇಡಿ ಅದರ ಪಾಡಿಗೆ ಇದೆ. ಕಪಾಟಿನ ಕೆಳಗಿನ ಖಾನೆ ಪೂರ್ತಿ ಖಾಲಿ ಮಾಡಿಸಿ, ಅಲ್ಲಿ ತಂತಿ ಜಾಲರಿಯ ಗೂಡಿನೊಳಗೆ ಜೀರೋ ಬಲ್ಬು ಕೂರಿಸಿದೆ. ಅದಕ್ಕೆ ಹೊರಗೆ ಬೇರೆಯೇ ಸ್ವಿಚ್, ಹತ್ತಿದೆ ಅಂತ ತೋರಿಸುವ ಕೆಂಪು ಇಂಡಿಕೇಟರ್. ಮೇಲಿನ ತಟ್ಟೆಗಳ ಹಿಂದುಗಡೆ ತೂತು ಕೊರೆದು ಬಿಸಿ ಗಾಳಿ ಮೇಲೆ ಹೋಗಲು ದಾರಿ ಮಾಡಿದೆ. ಮನೆಯಲ್ಲಿ ಜನ ಇದ್ದಾಗ ಮಾತ್ರ ಹಾಕಬೇಕು, ರಾತ್ರಿ ಬೇಡ, ಇನ್ವರ್ಟರ್ ಮೇಲೆ ಬೇಡ ಅಂತ ಹೇಳಿದ್ದೇನೆ. ಸೀರೆಗಳನ್ನು ಗೋಡೆಗೆ ತಾಗಿಸಿ ಇಡದಿದ್ದರೆ ಇನ್ನೂ ಒಳ್ಳೆಯದು. ದಪ್ಪ ಮಣ್ಣಿನ ಗೋಡೆ ಮಳೆಗಾಲದಲ್ಲಿ ತಾನೇ ಬೆವರುತ್ತದೆ.

ಸೊಸೆ ಈಗ ಹೊಸ ಅಡುಗೆಮನೆ ಮಾಡಿಸುವ ಯೋಚನೆಯಲ್ಲಿದ್ದಾರೆ. ಕಪ್ಪು ಲ್ಯಾಮಿನೇಟಿನ ಬಾಗಿಲು ಅವರಿಗೆ ಇಷ್ಟ. ಒಳಗೆ ಕೂರಿಸುವ ಇನ್‌ಫ್ರಾರೆಡ್ ಡೋರ್ ಸೆನ್ಸರ್ ತೋರಿಸಿ ಇದು ಆಗುತ್ತಾ ಅಂತ ಕೇಳಿದರು. ಅದು ತಾನೇ ಕಿರಣ ಬಿಟ್ಟು, ಬಾಗಿಲಿಗೆ ಬಡಿದು ವಾಪಸ್ ಬಂದರೆ ಮುಚ್ಚಿದೆ ಅಂತ ತಿಳಿಯುತ್ತದೆ. ಕಪ್ಪು ಬಾಗಿಲು ಕಿರಣವನ್ನು ನುಂಗಿಬಿಟ್ಟರೆ ದೀಪ ಆರುವುದಿಲ್ಲ. ಬಾಗಿಲ ಒಳಮೈ ಬಿಳಿ ಇರಲಿ, ಇಲ್ಲದಿದ್ದರೆ ಸೆನ್ಸರ್ ಎದುರಿಗೆ ಒಂದು ತುಂಡು ಬಿಳಿ ಸ್ಟಿಕರ್ ಅಂಟಿಸಿದರೂ ನಡೆಯುತ್ತದೆ ಅಂದೆ. ಇನ್ವರ್ಟರ್ ಯಾವುದು ಅಂತಲೂ ನೋಡಬೇಕು. ಇವರದು ಸ್ಕ್ವೇರ್ ವೇವ್, ಅಂದರೆ ಕರೆಂಟಿನ ಅಲೆ ಲೈನಿನ ಹಾಗೆ ನಯವಾಗಿರದೆ ಚೌಕಾಕಾರವಾಗಿ ಬರುವುದು. 230 ವೋಲ್ಟಿಗೆ ನೇರ ಹಾಕುವ ಅಗ್ಗದ ಸೆನ್ಸರ್ ಬಲ್ಬುಗಳು ಕೆಪಾಸಿಟರಿನಿಂದ ವೋಲ್ಟ್ ಇಳಿಸಿಕೊಳ್ಳುತ್ತವೆ. ಸ್ಕ್ವೇರ್ ವೇವಿನಲ್ಲಿ ಅವು ಲೆಕ್ಕಕ್ಕಿಂತ ಜಾಸ್ತಿ ಕರೆಂಟು ಎಳೆದು ಬಿಸಿಯಾಗುತ್ತವೆ. ಒಳ್ಳೆಯ ಅಡಾಪ್ಟರಿನ ಮೇಲೆ 12 ವೋಲ್ಟಿನ ಸ್ಟ್ರಿಪ್ ಹಾಕುವುದೇ ಮೇಲು. ಬೆಳಕಿನ ಬಣ್ಣ ಸೀರೆಯ ಕಪಾಟಿಗೆ 4000 ಕೆಲ್ವಿನ್ ಇರಲಿ, ಅಂದರೆ ಹಳದಿಗೂ ನೀಲಿ ಬಿಳುಪಿಗೂ ನಡುವಿನದು. ತೀರಾ ಹಳದಿ ಬೆಳಕಿನಲ್ಲಿ ಕಪ್ಪು ಯಾವುದು, ಕಡುನೀಲಿ ಯಾವುದು ಅಂತ ಗೊತ್ತಾಗುವುದಿಲ್ಲ.

ಆಶ್ಲೇಷ ಮಳೆ ಮುಗಿಯುವ ಹೊತ್ತಿಗೆ ಮತ್ತೆ ಹೋಗಿ ಮೊಬೈಲ್ ಒಳಗಿಟ್ಟು ನೋಡಿದೆ. ನಾಲ್ಕೂ ಕಪಾಟು ಕತ್ತಲಾಗುತ್ತಿದ್ದವು. ಜಾಲರಿ ಕಪಾಟಿನ ಚಾರ್ಜು ಇನ್ನೂ ಮುಗಿದಿರಲಿಲ್ಲ. ಮೇಲಿನ ತಟ್ಟೆಯ ಸೀರೆಗಳು ಚೆನ್ನಾಗಿದ್ದವು. ಎರಡನೇ ತಟ್ಟೆಯ ಬಲಮೂಲೆಯಲ್ಲಿ ಮಾತ್ರ ಮುಗ್ಗಲು ವಾಸನೆ ಸ್ವಲ್ಪ ಉಳಿದಿತ್ತು, ಅಲ್ಲಿ ತೂತಿನ ಮೇಲೇ ಬೆಡ್‌ಶೀಟ್ ಇಟ್ಟಿದ್ದರು. ಅದನ್ನು ಸರಿಸಿ ಬಂದೆ. ಬಾಗಿಲು ಹೆರೆಯುವುದನ್ನು ಫೆಬ್ರವರಿಗೆ ಇಟ್ಟುಕೊಂಡಿದ್ದೇವೆ, ಮರ ಪೂರ್ತಿ ಒಣಗಿದ ಮೇಲೆ. ಆಗ ಎಷ್ಟು ಸಂದಿ ಇರುತ್ತದೋ ನೋಡಿ ಆಚಾರ್ರು ಹೆರೆಯಬೇಕೋ ಬೇಡವೋ ಹೇಳುತ್ತಾರೆ.